ಅಂಗಳಕ್ಕೂ ಒಂದು ಪಂಚಾಂಗ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದವನು ಬೆಂಗಳೂರಿನಿಂದ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಏನಾದರೂ ಹೇಳುತ್ತಾನೆ ಎಂದು ಮಕ್ಕಳು ಕಾಯುತ್ತಿರಬಹುದು. ಆ ವಿಷಯ ಹೇಳುವವರು ನನಗಿಂತ ಚೆನ್ನಾಗಿ ಬಲ್ಲವರು ಬಹಳ ಜನ ಇದ್ದಾರೆ. ನಾನು ಇವತ್ತು ಮನೆ ಅಂಗಳ, ಹಿತ್ತಲು ಮತ್ತು ನಮ್ಮ ಶಾಲೆಯ ಬಯಲಿನ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಕಾರಣ ಇದೆ. ಮಹೋತ್ಸವದ ನಿಧಿಯಿಂದ ಶಾಲೆಗೆ ಏನು ಕೊಡಬೇಕು ಎಂಬ ಚರ್ಚೆ ನಡೆಯುತ್ತಿದೆ. ಬಂದಿರುವ ಸಲಹೆಗಳಲ್ಲಿ ಎರಡು ಈ ಬಯಲಿಗೆ ಸೇರಿದವು. ಒಂದು, ಗೇಟಿನಿಂದ ಕೊಠಡಿಗಳವರೆಗೆ ಇಡೀ ಬಯಲಿಗೆ ಇಂಟರ್‌ಲಾಕ್ ಟೈಲ್ಸ್ ಹಾಕಿಸುವುದು. ಇನ್ನೊಂದು, ಐವತ್ತು ವರ್ಷದ ನೆನಪಿಗೆ ಐವತ್ತು ಗಿಡ ನೆಡುವುದು. ಎರಡೂ ಒಳ್ಳೆಯ ಮನಸ್ಸಿನಿಂದ ಬಂದ ಸಲಹೆಗಳೇ. ಎರಡರ ಬಗ್ಗೆಯೂ ನನಗೆ ಬೇರೆ ಅಭಿಪ್ರಾಯವಿದೆ. ಅದನ್ನು ಇಲ್ಲೇ ಎಲ್ಲರ ಮುಂದೆ ಹೇಳಲು ಅಧ್ಯಕ್ಷರು ಅನುಮತಿ ಕೊಟ್ಟಿದ್ದಾರೆ. ಅವರಿಗೆ ಕೃತಜ್ಞತೆಗಳು.

ಮೊದಲು ಮನೆಯ ಅಂಗಳದಿಂದ ಶುರು ಮಾಡೋಣ. ನಮ್ಮ ಹಳೆಯ ಮನೆಗಳಲ್ಲಿ ಅಂಗಳಕ್ಕೆ ವರ್ಷವಿಡೀ ಒಂದೇ ಕೆಲಸ ಇರಲಿಲ್ಲ. ಮಾಘ, ಫಾಲ್ಗುಣದಲ್ಲಿ ಅಲ್ಲಿ ಹಪ್ಪಳ, ಸಂಡಿಗೆ ಒಣಗುತ್ತಿತ್ತು. ಬೇಸಿಗೆಯ ರಾತ್ರಿ ಚಾಪೆ ಹಾಸಿ ಮನೆಮಂದಿಯೆಲ್ಲ ಅಲ್ಲೇ ಮಲಗುತ್ತಿದ್ದರು. ಮಳೆಗಾಲದಲ್ಲಿ ಅಂಚಿನಲ್ಲಿ ಹೀರೆ, ಪಡವಲ, ಸೋರೆ ಬಳ್ಳಿ ಹಬ್ಬುತ್ತಿತ್ತು. ಕಾರ್ತೀಕ ದಾಟಿದ ಮೇಲೆ ರಾಗಿ ತೆನೆ, ಅವರೆ ಕಾಯಿ, ಹುರುಳಿ ಸೊಪ್ಪು ಬಂದು ಬೀಳುತ್ತಿದ್ದವು. ಜಗಲಿ ಮೇಲೆ ನೆರಳು ಯಾವ ಹೊತ್ತಿಗೆ ಬರುತ್ತದೆ ಎಂದು ತಿಳಿದೇ ಹಿರಿಯರು ಅಲ್ಲಿ ಕೂರುತ್ತಿದ್ದರು. ಬಚ್ಚಲ ನೀರು ಹೋಗುವ ಕಡೆ ಬಾಳೆ, ಅದರ ಪಕ್ಕ ಕೆಸವು. ಹಿತ್ತಲ ಮೂಲೆಯಲ್ಲಿ ನುಗ್ಗೆ, ಕರಿಬೇವು. ತಿಪ್ಪೆ ಮಾತ್ರ ದೂರದಲ್ಲಿ. ಇದನ್ನು ಯಾರೂ ನಕ್ಷೆ ಬರೆಸಿ ಮಾಡಿದ್ದಲ್ಲ. ಕಾಲ ಬದಲಾದ ಹಾಗೆ ಜಾಗದ ಕೆಲಸವೂ ಬದಲಾಗುತ್ತಿತ್ತು. ಈಗ ಪಟ್ಟಣದಲ್ಲಿ ಇದಕ್ಕೆ ಲ್ಯಾಂಡ್‌ಸ್ಕೇಪಿಂಗ್ ಎಂದು ಹೆಸರಿಟ್ಟು ಚದರಡಿ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ.

ಈಗಿನ ಮನೆಗಳಲ್ಲಿ ಆ ಅಂಗಳ ಸಿಮೆಂಟ್ ಆಗಿದೆ. ಅದನ್ನು ನಾನು ಆಡಿಕೊಳ್ಳಲು ಬಂದಿಲ್ಲ. ಮಣ್ಣಿನ ಅಂಗಳವನ್ನು ಬೆಳಗಾಗುವ ಮೊದಲು ಗುಡಿಸಿ, ಸಗಣಿ ನೀರು ಹಾಕಿ, ಸಾರಿಸಿ, ರಂಗೋಲಿ ಇಟ್ಟು ಆಮೇಲೆ ಹಾಲು ಕರೆಯಲು ಹೋಗುತ್ತಿದ್ದವರು ಮನೆಯ ಹೆಣ್ಣುಮಕ್ಕಳು. ಸೊಂಟ ನೋವು ಅವರದ್ದು. ಸಿಮೆಂಟ್ ಹಾಕಿಸಿದರೆ ಸಾಕು ಎಂದು ಅವರು ಕೇಳಿದ್ದು ನ್ಯಾಯವೇ. ಮಳೆಗಾಲದಲ್ಲಿ ಕೆಸರಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಂದಿರು ಪ್ರತಿ ಊರಿನಲ್ಲೂ ಇದ್ದಾರೆ. ಆದ್ದರಿಂದ ಓಡಾಡುವ ಕಡೆ ಸಿಮೆಂಟೋ ಕಲ್ಲು ಚಪ್ಪಡಿಯೋ ಇರಲಿ. ಬಾಗಿಲಿನಿಂದ ಗೇಟಿಗೆ ನಾಲ್ಕಡಿ ಅಗಲದ ದಾರಿ, ಪಾತ್ರೆ ತೊಳೆಯುವ ಜಾಗ, ಗಾಡಿ ನಿಲ್ಲಿಸುವ ಜಾಗ, ಇಷ್ಟಕ್ಕೆ ಗಟ್ಟಿ ನೆಲ ಬೇಕು. ನನ್ನ ಪ್ರಶ್ನೆ ಉಳಿದ ಜಾಗದ್ದು. ಯಾರೂ ಕಾಲಿಡದ ಕಾಂಪೌಂಡ್ ಅಂಚಿಗೂ ನಾವು ಸಿಮೆಂಟ್ ಬಳಿಸುತ್ತಿದ್ದೇವೆ. ಅದರಿಂದ ಏನು ಹೋಗುತ್ತದೆ ಎಂದು ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಎಂಟನೇ ತರಗತಿ ಮಕ್ಕಳೂ ಮಾಡಬಹುದಾದ ಲೆಕ್ಕ ಇದು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮ ಊರಿನ ಬಹಳಷ್ಟು ನಿವೇಶನಗಳು 30 ಅಡಿಗೆ 40 ಅಡಿ, ಅಂದರೆ ಸುಮಾರು 111 ಚದರ ಮೀಟರ್. ಒಂದು ಹದ ಮಳೆ 25 ಮಿಲಿಮೀಟರ್ ಬಂತು ಎನ್ನಿ. ಆ ಒಂದು ನಿವೇಶನದ ಮೇಲೆ ಬಿದ್ದ ನೀರು ಸುಮಾರು 2,800 ಲೀಟರ್. ಹದಿನೈದು ಲೀಟರಿನ ಬಿಂದಿಗೆಯಲ್ಲಿ ಅಳೆದರೆ 185 ಬಿಂದಿಗೆ. ನಮ್ಮ ತುಮಕೂರು ಸೀಮೆಯಂಥ ಬಯಲುನಾಡಿನಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದು ಇಟ್ಟುಕೊಂಡರೆ ಒಂದೇ ನಿವೇಶನದ ಪಾಲು 66 ಸಾವಿರ ಲೀಟರ್ ದಾಟುತ್ತದೆ. ಸೂರು, ಅಂಗಳ, ಹಿತ್ತಲು ಎಲ್ಲವೂ ಸಿಮೆಂಟ್ ಆದರೆ ಇದರಲ್ಲಿ ಬಹುಪಾಲು ಹತ್ತೇ ನಿಮಿಷದಲ್ಲಿ ಚರಂಡಿ ಸೇರುತ್ತದೆ. ಮಳೆ ನಿಂತ ಮರುವಾರ ನಾವು ಕೊಳವೆಬಾವಿಯ ಮೋಟಾರಿಗೆ ಕರೆಂಟ್ ಯಾವಾಗ ಬರುತ್ತದೆ ಎಂದು ಕಾಯುತ್ತೇವೆ.

ಬೆಂಗಳೂರಿನಲ್ಲಿ ಇದು ಎಲ್ಲಿಗೆ ಬಂತು ಎಂಬುದನ್ನು ಅಲ್ಲಿ ವಾಸ ಮಾಡುವವನಾಗಿ ಹೇಳುತ್ತೇನೆ. 2009ರಲ್ಲಿ ಅಲ್ಲಿ ಕಾನೂನು ತಿದ್ದುಪಡಿ ಮಾಡಿ, 30 ಅಡಿಗೆ 40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಕಟ್ಟುವ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ ಮಾಡಿದರು. ಆದರೂ 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಆ ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಹಾಕಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಕೋಟಿ ರೂಪಾಯಿ ಕೊಟ್ಟು ಮನೆ ತೆಗೆದುಕೊಂಡವರೂ ಟ್ಯಾಂಕರ್‌ಗೆ ಫೋನ್ ಹಚ್ಚಿ ಕೂತಿದ್ದರು. ನಮ್ಮ ಊರಿನಲ್ಲಿ ಇನ್ನೂ ಮಣ್ಣು ಉಳಿದಿದೆ. ಅದನ್ನು ಮುಚ್ಚಿ, ಆಮೇಲೆ ಒಡೆದು ಇಂಗುಗುಂಡಿ ಮಾಡುವ ಎರಡು ಖರ್ಚು ನಮಗೆ ಬೇಡ.

ಇನ್ನು ಬಿಸಿಲಿನ ವಿಷಯ. ಗಿಡ ಎಲ್ಲಿ ನೆಡಬೇಕು ಎಂಬುದು ಬಿಸಿಲು ಯಾವ ಕಾಲಕ್ಕೆ ಯಾವ ಕಡೆಯಿಂದ ಬರುತ್ತದೆ ಎಂಬುದರ ಮೇಲೆ ನಿಂತಿದೆ. ಸೂರ್ಯ ದಿನಾ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಆಗಸ್ಟ್ ಮೂರನೆಯ ವಾರದಲ್ಲಿ ಒಂದು ದಿನ. ಆ ಎರಡು ದಿನ ಮಧ್ಯಾಹ್ನ ಹನ್ನೆರಡೂಕಾಲು ಗಂಟೆ ಆಸುಪಾಸಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರಿನಲ್ಲಿ ಬಹಳ ಓರೆ. ವಿಜ್ಞಾನದ ಮೇಷ್ಟ್ರು ಆಗಸ್ಟ್‌ನಲ್ಲಿ ಶಾಲೆ ನಡೆಯುವಾಗ ಮಕ್ಕಳಿಂದ ಇದನ್ನು ಕೋಲು ನೆಟ್ಟು ಅಳೆಸಬಹುದು.

ಇದರಿಂದ ಮನೆಗೆ ಏನು ಉಪಯೋಗ? ಚಳಿಗಾಲದ ಸೊಪ್ಪು, ಮೂಲಂಗಿ, ಟೊಮೇಟೊ, ಸೇವಂತಿಗೆ ಇವುಗಳನ್ನು ಮನೆಯ ದಕ್ಷಿಣಕ್ಕೆ ಹಾಕಿದರೆ ಬಿಸಿಲು ಸಿಗುತ್ತದೆ. ಉತ್ತರದ ಗೋಡೆ ಪಕ್ಕ ಹಾಕಿದರೆ ಮನೆಯ ನೆರಳಿನಲ್ಲೇ ಸೊರಗುತ್ತವೆ. ಉತ್ತರದ ಆ ತಂಪು ಜಾಗಕ್ಕೆ ಒಂದೆಲಗ, ದೊಡ್ಡಪತ್ರೆ, ವೀಳ್ಯದೆಲೆ ಬಳ್ಳಿ ಸರಿ. ಮನೆ ಕಾಯುವುದು ಬೇಸಿಗೆಯ ಮಧ್ಯಾಹ್ನದ ನಂತರ, ಪಶ್ಚಿಮದ ಗೋಡೆಯಿಂದ. ಆದ್ದರಿಂದ ಒಂದೇ ಮರಕ್ಕೆ ಜಾಗವಿದ್ದರೆ ಪಶ್ಚಿಮಕ್ಕೆ ಗೋಡೆಯಿಂದ ಹದಿನೈದು ಅಡಿ ದೂರದಲ್ಲಿ ಹೊಂಗೆ ನೆಡಿ. ಹೊಂಗೆ ಎಲೆ ಉದುರಿಸುವುದು ಬೇಸಿಗೆಯ ಆರಂಭದಲ್ಲಿ, ಸ್ವಲ್ಪ ದಿನ ಮಾತ್ರ. ಯುಗಾದಿ ಹೊತ್ತಿಗೆ ಹೊಸ ಚಿಗುರು ಬಂದು, ಬಿಸಿಲು ಜೋರಾಗುವ ವೇಳೆಗೆ ದಟ್ಟ ನೆರಳು ಕೊಡುತ್ತದೆ. ನಮ್ಮ ಹೊಲದ ಬದುಗಳಲ್ಲಿ ಅದು ಬೆಳೆಯುತ್ತಿರುವುದರಿಂದ ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಒಗ್ಗುತ್ತದೆಯೇ ಎಂದು ಪರೀಕ್ಷೆ ಮಾಡುವ ಅಗತ್ಯವಿಲ್ಲ. ಆಲ, ಅರಳಿ ಮಾತ್ರ ಮನೆಗಾಗಲಿ ಶಾಲೆ ಕಟ್ಟಡಕ್ಕಾಗಲಿ ಹತ್ತಿರ ಬೇಡ. ಅವುಗಳ ಬೇರು ಗೋಡೆ ಬಿಡುವುದಿಲ್ಲ. ತೆಂಗನ್ನು ಜನ ಓಡಾಡುವ ದಾರಿಗೆ ನೆಡಬಾರದು ಎಂದು ತುಮಕೂರಿನವರಿಗೆ ಹೇಳಬೇಕಾಗಿಲ್ಲ.

ಇನ್ನು ಮುಖ್ಯವಾದ ಮಾತು, ಕಾಲದ್ದು. ಹೊಲಕ್ಕೆ ನಾವು ಮಳೆ ನಕ್ಷತ್ರ ನೋಡಿ ಕೆಲಸ ಮಾಡುತ್ತೇವೆ. ಅಶ್ವಿನಿ, ಭರಣಿಯಿಂದ ಹಿಡಿದು ಸ್ವಾತಿ, ವಿಶಾಖದವರೆಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು ಲೆಕ್ಕ ಊರಿನ ಹಿರಿಯರಿಗೆ ಬಾಯಿಪಾಠ. ಅದೇ ಲೆಕ್ಕವನ್ನು ಅಂಗಳಕ್ಕೂ ಹಾಕಿ ಎನ್ನುವುದೇ ನನ್ನ ಇವತ್ತಿನ ಮಾತು. ಒಂದು ವರ್ಷವನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಭರಣಿ, ಕೃತ್ತಿಕೆ, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳು. ಗುಡುಗಿನ ಮಳೆ ಒಂದೆರಡು ಬಿದ್ದು ಮಣ್ಣು ಮೆತ್ತಗಾಗುತ್ತದೆ. ಇದು ಗುಂಡಿ ತೆಗೆಯುವ ಕಾಲ, ಗಿಡ ನೆಡುವ ಕಾಲವಲ್ಲ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ತೆಂಗಾದರೆ ಮೂರಡಿ. ಮೇಲಿನ ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಮುಚ್ಚುವಾಗ ಅದನ್ನು ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಮೊದಲು ತುಂಬಿ.

ಆರಿದ್ರಾ, ಪುನರ್ವಸು, ಪುಷ್ಯ, ಅಂದರೆ ಜೂನ್ ಕೊನೆಯಿಂದ ಜುಲೈ ಮುಗಿಯುವವರೆಗೆ. ನೆಲ ಒಳಗಿನವರೆಗೆ ನೆಂದಿದೆ ಎಂದು ಖಚಿತವಾದ ಮೇಲೆ ಮರದ ಸಸಿ ನೆಡಿ. ಅವರೆ ಬೀಜ ಊರುವುದೂ ಈ ಹೊತ್ತಿನಿಂದಲೇ. ನಮ್ಮ ನಾಟಿ ಸೊಗಡಿನ ಅವರೆಗೆ ಒಂದು ಗುಣ ಇದೆ, ಹಗಲು ಚಿಕ್ಕದಾಗುವ ತನಕ ಅದು ಹೂ ಬಿಡುವುದಿಲ್ಲ. ಬೇಗ ಬಿತ್ತಿದೆವು ಎಂದು ಬೇಗ ಕಾಯಿ ಬಿಡದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದ ಹೆಬ್ಬಾಳ ಅವರೆ ತಳಿಗಳಲ್ಲಿ ಎಚ್.ಎ.-3, ಎಚ್.ಎ.-4 ಎಂಬವಕ್ಕೆ ಈ ನಿರ್ಬಂಧವಿಲ್ಲ, ಬೇರೆ ಕಾಲದಲ್ಲೂ ಕಾಯಿ ಕೊಡುತ್ತವೆ. ಎರಡನ್ನೂ ಅಂಗಳದ ಚಪ್ಪರ, ಬೇಲಿ ಅಂಚಿನಲ್ಲಿ ಹಾಕಿದರೆ ಸಾರಿಗೆ ಕೊರತೆಯಿಲ್ಲ. ಚೆಂಡುಹೂವಿನ ಬೀಜವನ್ನು ಆಯುಧಪೂಜೆಗೆ ಎರಡೂವರೆ ತಿಂಗಳು ಮೊದಲು ಚೆಲ್ಲಿ. ಹಬ್ಬದ ಹಿಂದಿನ ದಿನ ಮಾರಿಗೆ ಕೇಳಿದಷ್ಟು ಕೊಡಬೇಕಾಗುವುದಿಲ್ಲ.

ಈ ಮಳೆಯಲ್ಲಿ ನಾವು ಬಿತ್ತದೆಯೇ ಬರುವ ಬೆಳೆಯೂ ಇದೆ. ಬೆರಕೆ ಸೊಪ್ಪು. ಅಣ್ಣೆ, ಹೊನಗೊನ್ನೆ, ಕಿರಕಸಾಲೆ, ಗಣಿಕೆ, ದಂಟು, ಇನ್ನೂ ಹೆಸರು ನಮ್ಮ ತಾಯಂದಿರಿಗೇ ಗೊತ್ತು. ಮಸ್ಸೊಪ್ಪಿನ ರುಚಿ ಗೊತ್ತಿರುವ ಈ ಸಭೆಯಲ್ಲಿ ಅದನ್ನು ವಿವರಿಸಬೇಕಿಲ್ಲ. ಸಿಮೆಂಟ್ ಅಂಗಳದಲ್ಲಿ ಬೆರಕೆ ಸೊಪ್ಪು ಬರುವುದಿಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿಯೂ ಬರುವುದಿಲ್ಲ. ಈಗ ಆ ಸೊಪ್ಪನ್ನು ಗುರುತಿಸುವ ಹುಡುಗಿಯರು ಹತ್ತನೇ ತರಗತಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿ ನೋಡಿ. ಹುಡುಗರನ್ನೂ ಕೇಳಿ.

ಉತ್ತರೆ, ಹಸ್ತ, ಚಿತ್ತ, ಸ್ವಾತಿ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮೊದಲ ವಾರ. ನಮ್ಮ ಕಡೆ ವರ್ಷದ ಒಳ್ಳೆಯ ಮಳೆ ಹೆಚ್ಚಾಗಿ ಈ ಹೊತ್ತಿನಲ್ಲೇ. ಈಗ ಸೂರಿನ ನೀರಿಗೆ ದಾರಿ ಮಾಡಿಕೊಡಿ. ಸೂರಿನ ಪೈಪನ್ನು ಚರಂಡಿಗೆ ಬಿಡುವ ಬದಲು ಹಿತ್ತಲಿಗೆ ತಿರುಗಿಸಿ, ಹತ್ತಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಕಾಲುವೆ ತೋಡಿ ದಪ್ಪ ಜಲ್ಲಿ ತುಂಬಿದರೆ ಅದು ಒಮ್ಮೆಗೆ ನಾನೂರು ಲೀಟರಿನಷ್ಟು ಹಿಡಿದಿಟ್ಟು ನಿಧಾನವಾಗಿ ಇಂಗಿಸುತ್ತದೆ. ಪಾಯದಿಂದ ಹತ್ತಡಿ ದೂರ ಇರಲಿ. ಶೌಚಾಲಯದ ಗುಂಡಿಯ ಹತ್ತಿರವಂತೂ ಬೇಡ. ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿ ಹಾಕುವುದಕ್ಕೂ ಮಳೆ ಸ್ವಲ್ಪ ಕಡಿಮೆಯಾದ ಈ ಕೊನೆಯ ದಿನಗಳೇ ಸರಿ.

ಆಮೇಲೆ ಚಳಿಗಾಲ, ಈಗ ನಾವಿರುವ ಕಾಲ. ಅವರೆ, ಸೇವಂತಿಗೆ, ಸ್ಫಟಿಕದ ಹೂ. ಸೇವಂತಿಗೆಯೂ ಅವರೆಯ ಹಾಗೆ, ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು ಕಟ್ಟುತ್ತದೆ. ರಾತ್ರಿಯಿಡೀ ಉರಿಯುವ ಎಲ್‌ಇಡಿ ದೀಪದ ಕೆಳಗೆ ಸೇವಂತಿಗೆ ಇಟ್ಟು, ಗಿಡ ಸೊಂಪಾಗಿದೆ, ಹೂ ಮಾತ್ರ ಇಲ್ಲ ಎನ್ನುವವರಿದ್ದಾರೆ. ಕುಂಡವನ್ನು ಕತ್ತಲಿರುವ ಕಡೆಗೆ ಸರಿಸಿದರೆ ಸಾಕು. ದುಂಡುಮಲ್ಲಿಗೆಯನ್ನು ನವೆಂಬರ್, ಡಿಸೆಂಬರಿನಲ್ಲಿ ನೀರು ಕಡಿಮೆ ಮಾಡಿ ಸವರಿದರೆ ಬೇಸಿಗೆಗೆ ಹೂ ಚೆನ್ನಾಗಿ ಬರುತ್ತದೆ. ಮಾವಿಗೆ ಹೂ ಬರುವ ಮುಂಚೆ ನೀರು ಹಾಕಬೇಡಿ.

ಕೊನೆಗೆ ಬೇಸಿಗೆ. ಫೆಬ್ರವರಿ ಮುಗಿಯುವುದರೊಳಗೆ ಪ್ರತಿ ಗಿಡದ ಬುಡಕ್ಕೆ ಒಣ ಎಲೆ, ರಾಗಿ ಹುಲ್ಲು, ತೆಂಗಿನ ಸಿಪ್ಪೆ ಏನಾದರೂ ನಾಲ್ಕು ಬೆರಳು ದಪ್ಪ ಹೊದಿಸಿ. ಬುಡದ ಪಕ್ಕ ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂತು, ನೀರು ತುಂಬಿ, ಮುಚ್ಚಿ. ಮಡಕೆಯ ಮೈಯಿಂದ ನೀರು ಜಿನುಗಿ ಬೇರಿಗೆ ಹೋಗುತ್ತದೆ. ಮೇಲೆ ಸುರಿದ ನೀರಿನಂತೆ ಬಿಸಿಲಿಗೆ ಆರಿಹೋಗುವುದಿಲ್ಲ. ಮಡಕೆಗೆ ಬಣ್ಣ ಬಳಿದಿರಬಾರದು ಅಷ್ಟೆ.

ಇದೆಲ್ಲ ಜಾಗ ಇರುವವರ ಮಾತು ಎನ್ನಬೇಡಿ. 20 ಅಡಿಗೆ 30 ಅಡಿಯ ಆಶ್ರಯ ಮನೆಗೂ ಕಾಂಪೌಂಡಿನ ಒಳಗೆ ಮೂರಡಿ ಅಗಲದ ಪಟ್ಟಿ ಉಳಿದಿರುತ್ತದೆ. ಅದರಲ್ಲಿ ಒಂದು ಕರಿಬೇವು, ಬಚ್ಚಲ ನೀರಿಗೆ ಒಂದು ಬಾಳೆ ಅಥವಾ ಹೂಬಾಳೆ, ಶೀಟಿನ ಸೂರಿನ ಮೇಲಕ್ಕೆ ಹಬ್ಬಿಸಿದ ಬಸಳೆ, ಬಣ್ಣದ ಹಳೆಯ ಬಕೆಟ್ಟಿನಲ್ಲಿ ಕನಕಾಂಬರ, ಇಷ್ಟು ಆಗುತ್ತದೆ. ಬಸಳೆ ಹಬ್ಬಿದರೆ ಶೀಟಿನ ಮನೆ ಒಳಗೆ ತಂಪೂ ಆಗುತ್ತದೆ. ಸೋಪಿನ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪಿಗೆ ಬಿಡಬಾರದು ಎಂಬುದೊಂದು ನೆನಪಿರಲಿ.

ಈಗ ಶಾಲೆಯ ಬಯಲಿಗೆ ಬರುತ್ತೇನೆ.

ಕಟ್ಟಡ ಬಿಟ್ಟು ನಮಗೆ ಒಂದು ಎಕರೆಯಷ್ಟು ಬಯಲು ಇದೆ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅದೇ 25 ಮಿಲಿಮೀಟರ್ ಮಳೆಗೆ ಇಲ್ಲಿ ಬೀಳುವ ನೀರು ಒಂದು ಲಕ್ಷ ಲೀಟರ್, 5,000 ಲೀಟರಿನ ಟ್ಯಾಂಕರ್ ಇಪ್ಪತ್ತು. ಟೈಲ್ಸ್ ಹಾಕಿದರೆ ಇದರಲ್ಲಿ ಬಹುಪಾಲು ಕೆಳಗಿನ ಬೀದಿಯ ಮನೆಗಳ ಕಡೆ ಹರಿಯುತ್ತದೆ. ಎರಡನೆಯದು, ಆಟ. ಖೋಖೋ, ಕಬಡ್ಡಿ ಆಡಿಯೇ ನಮ್ಮ ಶಾಲೆ ತಾಲ್ಲೂಕಿಗೆ ಹೆಸರಾದದ್ದು. ಟೈಲ್ಸ್ ಮೇಲೆ ಕಬಡ್ಡಿ ಆಡಿದರೆ ಮೊಣಕೈ ಮೊಣಕಾಲು ಉಳಿಯುವುದಿಲ್ಲ. ಮೂರನೆಯದು, ಬಿಸಿಲು. ಮಾರ್ಚ್ ತಿಂಗಳ ಮಧ್ಯಾಹ್ನ ಬಿಸಿಯೂಟಕ್ಕೆ ಮಕ್ಕಳು ಚಪ್ಪಲಿ ಬಿಟ್ಟು ಸಾಲು ನಿಲ್ಲುತ್ತಾರೆ. ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿದವರಿಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ಗೇಟಿನಿಂದ ಕಚೇರಿಗೆ ಆರಡಿ ಅಗಲದ ದಾರಿ, ಧ್ವಜಕಂಬದ ಸುತ್ತ ಒಂದಿಷ್ಟು ಜಾಗ, ನಲ್ಲಿಗಳ ಮುಂದೆ ಮತ್ತು ಗಾಲಿಕುರ್ಚಿಯ ಮಕ್ಕಳು ಶೌಚಾಲಯಕ್ಕೆ ಹೋಗುವ ದಾರಿ, ಇವಕ್ಕೆ ಟೈಲ್ಸ್ ಹಾಕಿಸೋಣ. ಉಳಿದ ಬಯಲು ಮಣ್ಣಾಗಿಯೇ ಇರಲಿ. ಉಳಿದ ದುಡ್ಡಿನ ಬಗ್ಗೆ ಈಗ ಹೇಳುತ್ತೇನೆ.

ಐವತ್ತು ಗಿಡ ನೆಡುವ ಮಾತು. ಜೂನ್ 5ರಂದು ವಿಶ್ವ ಪರಿಸರ ದಿನ, ಜುಲೈ ಮೊದಲ ವಾರ ವನಮಹೋತ್ಸವ. 1950ರಲ್ಲಿ ಕೆ.ಎಂ. ಮುನ್ಷಿ ಅವರು ವನಮಹೋತ್ಸವ ಶುರು ಮಾಡಿದಂದಿನಿಂದ ದೇಶದ ಶಾಲೆಗಳಲ್ಲಿ ಗಿಡ ನೆಡುತ್ತಲೇ ಇದ್ದೇವೆ. ಅಷ್ಟೂ ಬದುಕಿದ್ದರೆ ಶಾಲೆಗಳೆಲ್ಲ ಕಾಡಾಗಬೇಕಿತ್ತು. ಸಾಯುವುದು ಯಾವಾಗ? ನೆಟ್ಟ ವರ್ಷದ ಮಳೆಗಾಲ, ಚಳಿಗಾಲ ಚೆನ್ನಾಗಿಯೇ ದಾಟುತ್ತವೆ. ಮಕ್ಕಳು ನೀರು ಹಾಕುತ್ತಾರೆ. ಏಪ್ರಿಲ್ ಎರಡನೇ ವಾರ ಬೇಸಿಗೆ ರಜೆ ಶುರುವಾಗಿ ಮೇ ಕೊನೆಯವರೆಗೆ ಗೇಟಿಗೆ ಬೀಗ ಬೀಳುತ್ತದೆ. ಬಿಸಿಲು ಅತಿ ಹೆಚ್ಚು ಇರುವ ಏಳು ವಾರ ಗಿಡಕ್ಕೆ ಯಾರೂ ದಿಕ್ಕಿಲ್ಲ. ಶಾಲೆ ತೆರೆದಾಗ ಒಣಕಡ್ಡಿ ಕಿತ್ತು ಅದೇ ಗುಂಡಿಗೆ ಹೊಸ ಸಸಿ ಇಡುತ್ತೇವೆ. ಇದು ಯಾವ ಮೇಷ್ಟ್ರ ತಪ್ಪೂ ಅಲ್ಲ. ಶಾಲೆಯ ಕ್ಯಾಲೆಂಡರಿಗೂ ಗಿಡದ ಕ್ಯಾಲೆಂಡರಿಗೂ ಹೊಂದಾಣಿಕೆ ಇಲ್ಲ, ಅಷ್ಟೆ.

ಹಾಗಾಗಿ ಐವತ್ತು ಬೇಡ, ಹನ್ನೆರಡು ನೆಡೋಣ. ಹನ್ನೆರಡನ್ನೂ ಉಳಿಸೋಣ. ಲೆಕ್ಕ ನೋಡಿ. ರಜೆಯ ಏಳು ವಾರದಲ್ಲಿ ವಾರಕ್ಕೆ ಎರಡು ಸಲ, ಸಲಕ್ಕೆ ಗಿಡಕ್ಕೆ 20 ಲೀಟರ್. ಹನ್ನೆರಡು ಗಿಡಕ್ಕೆ ಇಡೀ ರಜೆಗೆ 3,360 ಲೀಟರ್. ಒಂದು ಟ್ಯಾಂಕರ್ ಕೂಡ ಬೇಕಾಗುವುದಿಲ್ಲ! ನಮಗೆ ಕೊರತೆ ಇರುವುದು ನೀರಿನದಲ್ಲ, ಆ ಹದಿನಾಲ್ಕು ದಿನ ಗೇಟು ತೆಗೆದು ಬಂದು ನೀರು ಹಾಕುವವರದ್ದು. ಮೊದಲ ಎರಡು ಬೇಸಿಗೆ ದಾಟಿಸಿದರೆ ಹೊಂಗೆ, ಬೇವಿನಂಥ ಮರ ಆಮೇಲೆ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ.

ಯಾವ ಹನ್ನೆರಡು? ಇದಕ್ಕೆ ಒಂದು ಒಳ್ಳೆಯ ಮಾದರಿ ನಮ್ಮ ರಾಜ್ಯದಲ್ಲೇ ಇದೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಸಂಸ್ಥಾನದಲ್ಲಿದ್ದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗ್ ನೋಡಿಕೊಂಡರು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಬೆಂಗಳೂರಿನ ಯಾವುದಾದರೂ ಬೀದಿಯಲ್ಲಿ ಮರ ಹೂ ಬಿಟ್ಟಿರಬೇಕು ಎಂಬಂತೆ ಒಂದು ಮುಗಿದ ಮೇಲೆ ಒಂದು ಹೂ ಬಿಡುವ ಮರಗಳನ್ನು ಸಾಲು ಸಾಲಾಗಿ ನೆಡಿಸಿದರು. ಅದರ ಫಲವನ್ನು ನೂರು ವರ್ಷ ಕಳೆದರೂ ಬೆಂಗಳೂರಿನವರು ಅನುಭವಿಸುತ್ತಿದ್ದಾರೆ. ನಮ್ಮ ಶಾಲೆಯಲ್ಲಿ ಹೂವಿಗಿಂತ ನೆರಳು ಮುಖ್ಯ, ಆದರೆ ಕ್ರಮ ಅದೇ ಇರಲಿ. ಪಶ್ಚಿಮದ ಕೊಠಡಿಗಳ ಹಿಂದೆ ನಾಲ್ಕು ಹೊಂಗೆ. ಗೇಟಿನ ಎರಡೂ ಕಡೆ ಎರಡು ಬೇವು, ಯುಗಾದಿಗೆ ಊರಿಗೆಲ್ಲ ಹೂ. ಪರೀಕ್ಷೆ ಮುಗಿಯುವ ಹೊತ್ತಿಗೆ ಹಳದಿ ಗೊಂಚಲು ಬಿಡುವ ಕಕ್ಕೆ ಎರಡು. ಗೌರಿ ಗಣೇಶ ಹಬ್ಬದಿಂದ ದೀಪಾವಳಿಯವರೆಗೆ ಹೂ ಚೆಲ್ಲುವ ಪಾರಿಜಾತ ಒಂದು. ಮಳೆಗಾಲ ಮುಗಿಯುತ್ತಾ ಘಮಘಮಿಸುವ ಆಕಾಶಮಲ್ಲಿಗೆ ಒಂದು, ಗಾಳಿಗೆ ಕೊಂಬೆ ಮುರಿಯುತ್ತದೆ, ಅದು ಆಟದ ಜಾಗದಿಂದ ದೂರ ಇರಲಿ. ಮಕ್ಕಳಿಗೆ ಕಲ್ಲು ಹೊಡೆಯಲು ಒಂದು ನೇರಳೆ, ಒಂದು ನೆಲ್ಲಿ.

ಬಿಸಿಯೂಟದ ಕೈ ತೊಳೆದ ನೀರನ್ನು ಈಗ ಚರಂಡಿಗೆ ಬಿಡುತ್ತಿದ್ದೇವೆ. ಇನ್ನೂರು ಮಕ್ಕಳು ತಲಾ ಒಂದು ಲೀಟರ್ ಬಳಸಿದರೂ ದಿನಕ್ಕೆ 200 ಲೀಟರ್. ಅದನ್ನು ಒಂದು ಕಾಲುವೆಯಲ್ಲಿ ಹಿಂದಕ್ಕೆ ತಿರುಗಿಸಿದರೆ ನುಗ್ಗೆ, ಕರಿಬೇವು, ಬಾಳೆ ಬೆಳೆದು ಅಡುಗೆಯ ಅಮ್ಮಂದಿರ ಪಾತ್ರೆಗೇ ಬರುತ್ತದೆ. ಟೈಲ್ಸ್‌ನಿಂದ ಉಳಿದ ದುಡ್ಡಿನಲ್ಲಿ ಈ ಕಾಲುವೆ, ಸೂರಿನ ನೀರಿಗೆ ಎರಡು ಇಂಗುಗುಂಡಿ, ಗಿಡಗಳಿಗೆ ಗಟ್ಟಿ ಬೇಲಿ, ಮರದ ಕೆಳಗೆ ಕೂತು ಓದಲು ಆರು ಕಲ್ಲು ಬೆಂಚು ಆಗುತ್ತವೆ. ಬಿಸಿಲು ಇಳಿದ ಮೇಲೆ ಒಂದು ತರಗತಿ ಹೊರಗೇ ನಡೆಯಬಹುದು.

ಮೂರು ಸಂದೇಹಗಳನ್ನು ಹಿರಿಯರು ನನ್ನ ಹತ್ತಿರ ಆಗಲೇ ಕೇಳಿದ್ದಾರೆ. ಸೊಳ್ಳೆ ಬರುವುದಿಲ್ಲವೇ? ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ನೀರು ನಿಂತಿರಬೇಕು. ಜಲ್ಲಿ ತುಂಬಿದ ಗುಂಡಿಯಲ್ಲಿ ಅಷ್ಟು ದಿನ ನೀರು ನಿಲ್ಲುವುದಿಲ್ಲ. ಮುಚ್ಚಳವಿಲ್ಲದ ಸಿಮೆಂಟ್ ತೊಟ್ಟಿ, ಒಡೆದ ಟೈರು, ತೆಂಗಿನ ಚಿಪ್ಪು ಇವುಗಳನ್ನು ಮೊದಲು ನೋಡಬೇಕು. ಹಾವು ಬರುವುದಿಲ್ಲವೇ? ಹಾವು ಬರುವುದು ಇಲಿಗೆ ಮತ್ತು ಅಡಗುವ ಜಾಗಕ್ಕೆ. ಸೌದೆ, ಇಟ್ಟಿಗೆ ರಾಶಿ ಗೋಡೆಯ ಪಕ್ಕ ಇಡಬೇಡಿ, ಹುಲ್ಲು ಸವರಿ. ಕಸ ಗುಡಿಸುವವರು ಯಾರು? ಇದು ನಿಜವಾದ ಪ್ರಶ್ನೆ. ಒಣ ಎಲೆಗೆ ಒಂದು ಗೊಬ್ಬರದ ಗುಂಡಿ ಇರಲಿ, ಗುಡಿಸುವ ಸರದಿಯಲ್ಲಿ ಹುಡುಗರ ಹೆಸರೂ ಸಮವಾಗಿ ಇರಲಿ. ನಾವು ಓದುವಾಗ ಪೊರಕೆ ಹುಡುಗಿಯರ ಕೈಗೇ ಬರುತ್ತಿತ್ತು.

ಕೊನೆಯ ಮಾತು. ಈ ಸಭೆ ಮುಗಿದ ಮೇಲೆ ಕಚೇರಿಯ ಮುಂದಿನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಅದರಲ್ಲಿ ಮುಂದಿನ ಎರಡು ಬೇಸಿಗೆ ರಜೆಗಳಲ್ಲಿ ನೀರು ಹಾಕುವ ಇಪ್ಪತ್ತೆಂಟು ದಿನಾಂಕಗಳಿವೆ. ಪ್ರತಿ ದಿನಾಂಕದ ಎದುರು ಎರಡು ಹೆಸರು ಬೇಕು. ಊರಿನಲ್ಲೇ ಇರುವವರ ಒಂದು ಹೆಸರು, ಹೊರಗಿರುವ ಹಳೆಯ ವಿದ್ಯಾರ್ಥಿಯ ಒಂದು ಹೆಸರು. ಹೊರಗಿನವರು ಬರಲಾಗದಿದ್ದರೆ ಬೇರೆಯವರನ್ನು ಒಪ್ಪಿಸುವ ಜವಾಬ್ದಾರಿ ಅವರದ್ದೇ. ಏಪ್ರಿಲ್‌ನ ಮೊದಲ ಎರಡು ದಿನಾಂಕಕ್ಕೆ ನನ್ನ ಹೆಸರು ಬರೆದಿದ್ದೇನೆ. ಹೇಗೂ ಆಗ ಊರ ಜಾತ್ರೆಗೆ ಬರುತ್ತೇನೆ. ದೇಣಿಗೆ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ಸರಿಯೇ, ಅವರು ದೊಡ್ಡ ಮನಸ್ಸಿನವರು. ಆದರೆ ಈ ಪುಸ್ತಕದಲ್ಲಿ ಹೆಸರು ಬರೆಯಲು ದುಡ್ಡು ಬೇಕಾಗಿಲ್ಲ. ಎರಡು ಕೊಡ ಹೊರುವ ಶಕ್ತಿ, ಒಂದು ಬೆಳಗಿನ ಬಿಡುವು ಇದ್ದರೆ ಸಾಕು.

ಟೈಲ್ಸ್ ವಿಷಯ ಸಮಿತಿಯ ತೀರ್ಮಾನಕ್ಕೆ ಬಿಟ್ಟದ್ದು. ತೀರ್ಮಾನ ಏನೇ ಆದರೂ ನಾನು ಸಮಿತಿಯ ಜೊತೆಗಿರುತ್ತೇನೆ.